ಗಾಜಿನ ಮೇಲೆ ಅಳತೆ ಬರೆಯಿರಿ

ನಮ್ಮ ಮನೆಯಲ್ಲಿ ಎರಡು ಫ್ರಿಜ್ಜುಗಳಿವೆ. ಒಂದು ಅಡುಗೆಮನೆಯದು. ಇನ್ನೊಂದು ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಹಿಂದೆ ಹಳೇ ಬೆಡ್‌ಶೀಟು ಹೊದ್ದುಕೊಂಡು ನಿಂತಿರುವ ಸೆಕೆಂಡ್ ಹ್ಯಾಂಡ್ ಮಾಲು. ಅದರಲ್ಲಿ ಸಿಗಡಿ, ಜಿಲೇಬಿ ಮೀನಿನ ತುಂಡು, ಎರೆಹುಳದ ಒಂದು ಡಬ್ಬಿ. ಮೊಟ್ಟೆ ಸೋಕಿದ ಕೇಕನ್ನೂ ಹೊಸಿಲು ದಾಟಲು ಬಿಡದ ಮನೆ ನಮ್ಮದು. ಮತ್ತೆ ಇದೆಲ್ಲ ಯಾರಿಗೆ ಅಂದರೆ, ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿರುವ 11 ಇಂಚಿನ ಒಂದು ಪ್ರಾಣಿಗೆ.

ಮೊದಲ ಸಲ ಸಿಗಡಿ ತಂದು ಅಡುಗೆಮನೆಯ ಫ್ರೀಜರಿನಲ್ಲಿ ಇಟ್ಟಾಗ ಅಮ್ಮ ಹೇಳಿದ್ದು ಒಂದೇ ಮಾತು: "ಅದು ಅದರ ಧರ್ಮ ಮಾಡ್ಲಿ ಕಣೋ, ನನ್ನ ಫ್ರಿಜ್ಜಲ್ಲಿ ಬೇಡ." ಮೀನು ಸಾಕುವುದರ ಬಗ್ಗೆ ಇಷ್ಟು ವರ್ಷದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ. ತಿನ್ನುವುದು ಮೀನಿನ ಪಾಡು. ಆದರೆ ಅದು ತಿನ್ನುವುದರಿಂದ, ಬೆಳೆಯುವುದರಿಂದ ಆಗುವ ರಗಳೆಯನ್ನೆಲ್ಲ ಸಾಕಿದವನೇ ಹೊರಬೇಕು. ಪಕ್ಕದವರ ತಲೆಗೆ ಕಟ್ಟುವಂತಿಲ್ಲ, ಕೆರೆಯ ತಲೆಗಂತೂ ಇಲ್ಲವೇ ಇಲ್ಲ. ಅಷ್ಟು ಅರ್ಥವಾಗಲು ನನಗೆ ಎರಡು ವರ್ಷ, ಒಂದು ಮೀನು ಮತ್ತು ಒಂದು ಆಟೊ ಬಾಡಿಗೆ ಖರ್ಚಾಯಿತು.

ಈಗ ಇರುವ ಪ್ರಾಣಿಯ ಪರಿಚಯ ಮೊದಲು ಆಗಲಿ. ಹೆಸರು ಬಿಶಿರ್. ಆಫ್ರಿಕಾದ ನದಿ, ಜೌಗುಗಳ ಮೀನು. ಅಂಗಡಿಯಲ್ಲಿ ಕೇಳಿದರೆ ಡೈನೋಸಾರ್ ಅನ್ನುತ್ತಾರೆ, ಇಲ್ಲವೇ ಡ್ರ್ಯಾಗನ್. ಹಾವಿನಂತೆ ಉರುಟು ಮೈ, ಬೆನ್ನುದ್ದಕ್ಕೂ ಗರಗಸದ ಹಲ್ಲಿನ ಹಾಗೆ ಸಾಲು ಸಾಲು ಪುಟ್ಟ ರೆಕ್ಕೆ, ಬೆರಳಲ್ಲಿ ಒತ್ತಿದರೆ ತಗ್ಗದಷ್ಟು ಗಟ್ಟಿ ಹುರುಪೆ. ಕಿವಿರು ಇದ್ದರೂ ಸಾಲದು. ಆಗಾಗ ಮೇಲೆ ಬಂದು ಗುಳುಂ ಎಂದು ಒಂದು ಗುಟುಕು ಗಾಳಿ ಕುಡಿದು ಇಳಿಯುತ್ತದೆ. 2014ರಲ್ಲಿ ಕೆನಡಾದ ವಿಜ್ಞಾನಿಗಳು ಇದೇ ಜಾತಿಯ ಮರಿಗಳನ್ನು ತಿಂಗಳುಗಟ್ಟಲೆ ನೀರಿನ ಬದಲು ಒದ್ದೆ ನೆಲದ ಮೇಲೆ ಬೆಳೆಸಿದರು. ಅವು ರೆಕ್ಕೆ ಊರಿ ನಡೆಯುವುದರಲ್ಲಿ ಪಳಗಿದ್ದನ್ನೂ ಅವುಗಳ ಭುಜದ ಮೂಳೆಯೇ ಬದಲಾದದ್ದನ್ನೂ 'ನೇಚರ್' ಪತ್ರಿಕೆಯಲ್ಲಿ ಬರೆದರು. ನಮ್ಮದು ಅಷ್ಟು ಓದಿದ್ದಲ್ಲ. ಆದರೂ ಒಂದು ರಾತ್ರಿ ಫಿಲ್ಟರ್ ಪೈಪಿಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಸಂದಿಯಿಂದ ನುಸುಳಿ ಹೊರಬಿದ್ದು, ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮೈಗೆಲ್ಲ ಕಾಲೊರಸಿನ ನಾರು ಅಂಟಿಸಿಕೊಂಡು ಬಿದ್ದಿತ್ತು. ಸತ್ತಿದೆ ಅಂದುಕೊಂಡು ಪೇಪರಿನಲ್ಲಿ ಎತ್ತಿದರೆ ಬಾಲ ಒದರಿತು. ಆ ಸಂದಿಗೆ ಅವತ್ತೇ ಸ್ಪಂಜು ತುರುಕಿದೆ. ಇಂಥ ಮೀನಿಗೆ ಮುಚ್ಚಳ ನೀರಿನಷ್ಟೇ ಮುಖ್ಯ.

ನಾವು ಅದನ್ನು ಶಾನುಭೋಗರು ಅನ್ನುತ್ತೇವೆ. ಯಾಕೆ ಎಂದು ತಿಳಿಯಬೇಕಾದರೆ ಅದರ ಊಟ ನೋಡಬೇಕು. ರಾತ್ರಿ ಒಂಬತ್ತಕ್ಕೆ ಹಾಲಿನ ದೀಪ ಆರಿಸಿ, ಒಂದು ಗಂಟೆ ಮೊದಲೇ ಮಂಜು ಬಿಡಿಸಲು ಇಟ್ಟಿದ್ದ ಸಿಗಡಿಯನ್ನು ಇಕ್ಕಳದಲ್ಲಿ ಹಿಡಿದು ನೀರಿಗಿಳಿಸುತ್ತೇನೆ. ಅದು ಮೂತಿಯ ಮುಂದೆಯೇ ಬಿದ್ದರೂ ಶಾನುಭೋಗರಿಗೆ ಕಾಣುವುದಿಲ್ಲ, ಕಣ್ಣು ಮಂದ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮೂತಿಯ ತುದಿಯಲ್ಲಿರುವ ಎರಡು ಪುಟ್ಟ ಕೊಳವೆಗಳು, ಅವೇ ಅದರ ಮೂಗು, ಒಮ್ಮೆ ನಡುಗುತ್ತವೆ. ಮುಂದಿನ ರೆಕ್ಕೆ ಎರಡನ್ನೂ ಬೀಸಣಿಗೆಯಂತೆ ಆಡಿಸುತ್ತ ಮರಳಿನ ಮೇಲೆ ಸರಿಯುತ್ತದೆ. ಸಿಗಡಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮೂಲೆಯ ಕಲ್ಲನ್ನು ಮೂಸಿ, ಪೈಪನ್ನು ಮೂಸಿ, ಪಹಣಿಯಲ್ಲಿ ಎಲ್ಲೋ ಒಂದು ಗುಂಟೆ ಹೆಚ್ಚುಕಡಿಮೆಯಾಗಿದೆ ಎಂಬಂತೆ ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಮೂರನೆಯ ಸುತ್ತಿಗೆ ಮೂತಿ ತಾಗುತ್ತದೆ. ಅಲ್ಲಿಯವರೆಗಿನ ಸಾವಕಾಶವೆಲ್ಲ ಸುಳ್ಳು: ಟಪ್ ಎಂದು ಒಂದು ಸದ್ದು, ಸಿಗಡಿ ಇಲ್ಲ. ಒಂದು ಚೂರು ಚಿಪ್ಪು ಮಾತ್ರ ಕಿವಿರಿನ ಸಂದಿಯಿಂದ ಹೊರಬರುತ್ತದೆ.

ವಾರಕ್ಕೆ ಮೂರೇ ಊಟ. ಭಾನುವಾರ, ಬುಧವಾರ, ಶುಕ್ರವಾರ. ಸೋಮವಾರ, ಗುರುವಾರ, ಶನಿವಾರ ಮನೆಯೊಳಗೆ ಆ ವಾಸನೆ ಆಗಕೂಡದು ಎಂಬುದು ಅಮ್ಮನ ಕಟ್ಟಳೆ. ಉಳಿದ ಮಂಗಳವಾರವನ್ನು ನಾನೇ ಬಿಟ್ಟೆ. ಮೀನಿಗೆ ಇದರಿಂದ ನಷ್ಟವೇನೂ ಆಗಿಲ್ಲ. ಬೆಳೆದ ಬೇಟೆ ಮೀನು ದಿನಾ ತಿನ್ನಬೇಕಾಗಿಲ್ಲ. ಆರೋಗ್ಯವಾಗಿದ್ದರೆ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ತೊಟ್ಟಿಯ ಮೀನು ಹಸಿವಿನಿಂದ ಸಾಯುವುದು ಅಪರೂಪ. ಹೆಚ್ಚಾಗಿ ಸಾಯುವುದು ಯಜಮಾನರ ಪ್ರೀತಿಯಿಂದ: ತಿಂದು ಉಳಿದದ್ದು ಕೊಳೆತು, ನೀರಿನಲ್ಲಿ ಅಮೋನಿಯಾ ಏರಿ, ಕಿವಿರು ಸುಟ್ಟು.

ಇಷ್ಟೆಲ್ಲ ಜಾಣನಂತೆ ಹೇಳುತ್ತಿರುವ ನಾನು ಈ ಹವ್ಯಾಸಕ್ಕೆ ಇಳಿದದ್ದು ಶುದ್ಧ ದಡ್ಡನಾಗಿ. 2011ರಲ್ಲಿ. ಮೀನಿನ ಅಂಗಡಿಯೊಂದರಲ್ಲಿ ಮೂರಿಂಚಿನ ಒಂದು ಕ್ಯಾಟ್‌ಫಿಶ್ ಮರಿ ಕಣ್ಣಿಗೆ ಬಿತ್ತು. ಕಪ್ಪು ಬೆನ್ನು, ಹಾಲಿನಂಥ ಹೊಟ್ಟೆ, ಮೂತಿಗಿಂತ ಉದ್ದದ ಮೀಸೆ. ರೆಡ್‌ಟೇಲ್ ಎಂದರು, ಬಾಲದ ಕೆಂಪು ಆಗಿನ್ನೂ ಸರಿಯಾಗಿ ಮೂಡಿರಲಿಲ್ಲ. ಎಷ್ಟು ದೊಡ್ಡದಾಗುತ್ತೆ ಎಂದು ಕೇಳಿದೆ. ಕೇಳಲಿಲ್ಲ ಅನ್ನುವಂತಿಲ್ಲ. ಅಂಗಡಿಯವರ ಉತ್ತರ ಇದು: "ಟ್ಯಾಂಕ್ ಎಷ್ಟು ದೊಡ್ಡದಿರುತ್ತೋ ಅಷ್ಟಕ್ಕೇ ನಿಲ್ಲುತ್ತೆ ಸಾರ್."

ಮೀನು ಮಾರುವವರ ಬಾಯಲ್ಲಿ ಇದಕ್ಕಿಂತ ಹೆಚ್ಚು ಓಡಾಡುವ ಸುಳ್ಳು ಇನ್ನೊಂದಿರಲಾರದು. ಕುಂಡದಲ್ಲಿ ಆಲದ ಮರ ಕುಳ್ಳಾಗಿ ನಿಲ್ಲುವುದಿಲ್ಲವೆ, ಹಾಗೆ ಅಂದುಕೊಳ್ಳುತ್ತೇವೆ. ಮೀನು ಮರವಲ್ಲ. ಇಕ್ಕಟ್ಟಿನಲ್ಲಿ ಅದರ ಬೆಳವಣಿಗೆ ಕುಂಟುವುದು ನಿಜ. ಆದರೆ ಅದು ಕೊಳಕು ನೀರಿನ ಲಕ್ಷಣ; ಹಾಗೆ ಕುಂಟಿದ ಮೀನು ಬೆನ್ನು ಸೊಟ್ಟಗಾಗಿ ಪೂರ್ತಿ ಆಯುಷ್ಯ ಕಾಣದೆ ಹೋಗುತ್ತದೆ. ನೀರು ಚೆನ್ನಾಗಿಟ್ಟರೆ, ನಾನು ಚೆನ್ನಾಗಿಯೇ ಇಟ್ಟಿದ್ದೆ, ರೆಡ್‌ಟೇಲ್ ತನ್ನ ಜಾತಿಯ ಅಳತೆಗೆ ಹೊರಡುತ್ತದೆ. ಅಮೆಜಾನ್ ಸೀಮೆಯ ಈ ಮೀನು ಅಲ್ಲಿ ನಾಲ್ಕು ಅಡಿ ಮುಟ್ಟುತ್ತದೆ, 40 ಕಿಲೊ ತೂಗಿದ್ದೂ ಉಂಟು.

ಮೊದಲ ವಾರ ತೊಟ್ಟಿಯಲ್ಲಿ 14 ಟೆಟ್ರಾ ಮೀನುಗಳಿದ್ದವು. ಮೂರನೆಯ ವಾರ ಐದು. ಯಾವುದೋ ಕಾಯಿಲೆ ಇರಬೇಕೆಂದು ಔಷಧಿ ಹಾಕಿದೆ! ಕೊನೆಗೆ ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಕ್ಯಾಟ್‌ಫಿಶ್ಶಿನ ಬಾಯಿಂದ ಒಂದು ಬಾಲ ಅಲುಗುತ್ತಿದ್ದದ್ದು ಕಂಡಿತು. ಬೇಟೆ ಮೀನಿನ ಲೆಕ್ಕ ಸುಲಭ: ಬಾಯಿಗೆ ಹಿಡಿಸುವುದೆಲ್ಲ ಊಟ. ರೆಡ್‌ಟೇಲಿಗೆ ಊಟವಲ್ಲದ್ದೂ ಊಟವೇ. ಹೀಟರಿನ ರಬ್ಬರ್ ಬಟ್ಟಲು ಕಾಣೆಯಾಗಿ ಎರಡು ದಿನ ಹುಡುಕಿದೆ. ಮೂರನೆಯ ದಿನ ಅದನ್ನು ಎರಡು ಕಲ್ಲುಗಳ ಜೊತೆ ಕಕ್ಕಿತು. ಒಂದು ವರ್ಷಕ್ಕೆ ಒಂದೂಕಾಲು ಅಡಿ. ಎರಡನೆಯ ವರ್ಷ ಎರಡಡಿ. ನನ್ನ ತೊಟ್ಟಿಯ ಅಗಲ ಒಂದೂವರೆ ಅಡಿ. ಅದು ತಿರುಗಬೇಕಾದರೆ ಮೈಯನ್ನು ಚಕ್ಕುಲಿಯಂತೆ ಸುತ್ತಬೇಕು. ತಿರುಗುವಾಗಲೆಲ್ಲ ಗಾಜಿಗೆ ಬಡಿದು ಧಡ್ ಎಂಬ ಸದ್ದು. ಅಕ್ಕಪಕ್ಕದ ಮನೆಯವರು ಏನೋ ಕುಟ್ಟುತ್ತಿದ್ದೀರಾ ಎಂದು ಕೇಳುತ್ತಿದ್ದರು.

ದೊಡ್ಡ ತೊಟ್ಟಿ ಕೊಳ್ಳಬಹುದಿತ್ತು. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಎಂದರೆ ಬರೀ ನೀರೇ 680 ಲೀಟರು, ಅಂದರೆ ಅಷ್ಟೇ ಕಿಲೊ. ಗಾಜು, ಕಲ್ಲು, ಸ್ಟ್ಯಾಂಡು ಬೇರೆ. ಮೂರನೆಯ ಮಹಡಿಯ ಹಳೇ ಮನೆಯಲ್ಲಿ ಅದನ್ನು ಇಡಲು ಮಾಲೀಕರು ಒಪ್ಪುವುದಿರಲಿ, ನಾನೇ ಒಪ್ಪುತ್ತಿರಲಿಲ್ಲ. ಅಷ್ಟಾಗಿಯೂ ಅದು ರೆಡ್‌ಟೇಲಿಗೆ ಸಾಲದು.

ಕೆರೆಗೆ ಬಿಡುವ ಯೋಚನೆ ಬಂದದ್ದು ಆಗ. ಗಣೇಶನ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಐದೂವರೆಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೀನು ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ, ಪರಿಚಯದ ಆಟೊದಲ್ಲಿ ಮಲ್ಲೇಶ್ವರದಿಂದ ಸ್ಯಾಂಕಿ ಕೆರೆಗೆ ಹೊರಟೆ. ಆಟೊದವರು ಗೋಣಿ ಸರಿಸಿ ನೋಡಿ, "ಸಾರು ಮಾಡಿದ್ರೆ ಇಡೀ ಬೀದಿಗೆ ಆಗುತ್ತಲ್ಲ ಸಾರ್" ಎಂದರು. ನನಗೆ ನಗು ಬರಲಿಲ್ಲ. ಕೊಲ್ಲಲಾರೆ, ಇಟ್ಟುಕೊಳ್ಳಲಾರೆ, ನೀರಿನ ಜೀವವನ್ನು ನೀರಿಗೆ ಬಿಟ್ಟರೆ ಒಂದಿಷ್ಟು ಪುಣ್ಯವೇ ಬರಲಿ ಎಂಬ ಲೆಕ್ಕ ನನ್ನದು. ಕೆರೆಯ ಹತ್ತಿರ ಡ್ರಮ್ಮನ್ನು ಇಳಿಸುತ್ತಿದ್ದಾಗ ವಾಕಿಂಗ್ ಬಂದಿದ್ದ ಒಬ್ಬ ಅಜ್ಜಿ ನಿಂತರು.

"ಗಣಪತಿ ಬಿಡೋ ಕಲ್ಯಾಣಿ ಆ ಕಡೆ ಇದೆ ಕಣಪ್ಪಾ."

ಗಣಪತಿ ಅಲ್ಲ, ಮೀನು ಅಂದೆ. ಬಗ್ಗಿ ನೋಡಿದರು. "ಇದು ನಮ್ಮ ಕೆರೆ ಮೀನಾ?"

"ಅಲ್ಲಮ್ಮ, ಅಮೆಜಾನ್ ನದೀದು."

"ಮತ್ತೆ ಇಲ್ಲಿ ಯಾಕೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಡ್ರಮ್ಮು ಮತ್ತೆ ಆಟೊ ಹತ್ತಿತು. ಒಂದು ತಿಂಗಳ ಮೇಲೆ ಶಿವಾಜಿನಗರದ ಕಡೆಯ ಒಬ್ಬ ವ್ಯಾಪಾರಿ ಕಾಸಿಲ್ಲದೆ ತೆಗೆದುಕೊಳ್ಳಲು ಒಪ್ಪಿದರು. ಎರಡು ವಾರ ಬಿಟ್ಟು ಹೋಗಿ ವಿಚಾರಿಸಿದರೆ "ಹೋಯ್ತು ಸಾರ್" ಎಂದರು. ಮಾರಾಟವಾಗಿ ಹೋಯಿತೋ, ಜೀವವೇ ಹೋಯಿತೋ, ಕೇಳುವ ಧೈರ್ಯ ಬರಲಿಲ್ಲ. ನಮ್ಮ ಭಾಷೆಯ ಆ ಒಂದು ಕ್ರಿಯಾಪದದಲ್ಲಿ ನಾನು ಇವತ್ತಿಗೂ ಬಚ್ಚಿಟ್ಟುಕೊಂಡಿದ್ದೇನೆ.

ಆ ಅಜ್ಜಿಯ ಪ್ರಶ್ನೆ ಎದುರಾಗದೆ ಕೆರೆಗೆ ಹೋದ ಡ್ರಮ್ಮುಗಳು ಎಷ್ಟೋ. 2023ರ ಬೇಸಿಗೆಯಲ್ಲಿ ಶ್ರೀನಗರದ ದಾಲ್ ಸರೋವರ ಸ್ವಚ್ಛ ಮಾಡುತ್ತಿದ್ದವರಿಗೆ ಮೊಸಳೆ ಮೂತಿಯ ಒಂದು ಮೀನು ಸಿಕ್ಕಿತು. ಅಲಿಗೇಟರ್ ಗಾರ್. ಅದೇ ವರ್ಷ ಭೋಪಾಲದ ಕೆರೆಯಲ್ಲೂ ಅದೇ ಜಾತಿಯದು ಗಾಳಕ್ಕೆ ಬಿತ್ತು. ಮಿಸಿಸಿಪ್ಪಿ ನದಿಯ ಈ ಮೀನು ಕಾಶ್ಮೀರಕ್ಕೆ ಈಜಿಕೊಂಡು ಬಂದಿರಲಾರದಲ್ಲ? ಯಾರದೋ ಹಾಲಿನಿಂದ ಬಂದಿರಬೇಕು. ಪೆನ್ಸಿಲಿನಂಥ ಮರಿ ಎಂದು ಕೊಂಡವರ ಮನೆಯಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ಮಿಸಿಸಿಪ್ಪಿ ರಾಜ್ಯದಲ್ಲಿ 2011ರಲ್ಲಿ ಸಿಕ್ಕಿದ್ದೊಂದು ಎಂಟಡಿ ದಾಟಿತ್ತು, ತೂಕ 148 ಕಿಲೊ. 2018ರ ಮಹಾಪೂರದಲ್ಲಿ ಕೇರಳದ ಸಾಕಣೆ ಕೊಳಗಳು ಒಡೆದು, ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಬಲೆಗೆ ಬಿದ್ದಾಗ ಅಲ್ಲಿಯ ಮೀನುಗಾರರು ಹೆಸರು ಗೊತ್ತಿಲ್ಲದೆ ಬೆರಗಾದರು. ಅಲ್ಲಿ ಯಾರೂ ಬೇಕೆಂದು ಬಿಟ್ಟದ್ದಲ್ಲ. ಆದರೂ ಹೊಳೆಗೆ ಬಂದದ್ದು ಬಂತು. ಇನ್ನು ಗಾಜಿನ ಪಾಚಿ ತಿನ್ನುತ್ತದೆಂದು ನಾವೆಲ್ಲ ತಂದುಕೊಳ್ಳುವ ಟ್ಯಾಂಕ್ ಕ್ಲೀನರ್ ಮೀನು. ಅದು ಬೇಟೆಯ ಮೀನೂ ಅಲ್ಲ, ಬಡಪಾಯಿ. ಆದರೆ ಕೋಲ್ಕತ್ತದ ಪೂರ್ವದ ಜೌಗಿನಲ್ಲಿ ಭೇರಿ ಎಂದು ಕರೆಯುವ ಮೀನು ಕೊಳಗಳಲ್ಲೂ ಆಂಧ್ರ, ತೆಲಂಗಾಣದ ನೀರುಗಳಲ್ಲೂ ತುಂಬಿಕೊಂಡು, ಮುಳ್ಳಿನಿಂದ ಬಲೆ ಹರಿಯುತ್ತದೆ. ಅಲ್ಲಿನ ಮೀನುಗಾರರು ಅದನ್ನು ದೆವ್ವದ ಮೀನು ಎಂದೇ ಕರೆಯುತ್ತಾರೆ.

ಪರದೇಶದವರ ಕತೆಯೂ ಇದೇ. ಅಲ್ಲಿ ದೆವ್ವವಾದದ್ದು ಮಾತ್ರ ನಮ್ಮ ಕೊರವ ಮೀನಿನ ದಾಯಾದಿ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕ್ರಾಫ್ಟನ್ ಎಂಬ ಊರಿನ ಕುಂಟೆಯಲ್ಲಿ ಚೀನಾ ಮೂಲದ ಸ್ನೇಕ್‌ಹೆಡ್ ಕಾಣಿಸಿತು. ತಪಾಸಣೆ ಮಾಡಿದರೆ, ಒಬ್ಬಾತ ಕಾಯಿಲೆಯ ತಂಗಿಗೆ ಸೂಪು ಮಾಡಿಕೊಡಲು ಎರಡು ಜೀವಂತ ಮೀನು ತರಿಸಿದ್ದ. ಅವು ಬರುವಷ್ಟರಲ್ಲಿ ತಂಗಿ ಗುಣವಾಗಿದ್ದಳು. ಅಕ್ವೇರಿಯಮ್ಮಿನಲ್ಲಿ ಇಟ್ಟುಕೊಂಡ, ಸಾಕಲಾಗದಷ್ಟು ದೊಡ್ಡವಾದವು, ಕುಂಟೆಗೆ ಬಿಟ್ಟ. ಎಷ್ಟು ಒಳ್ಳೆಯ ಮನುಷ್ಯ ನೋಡಿ! ಅವನ ಆ ಒಳ್ಳೆಯತನವನ್ನು ಅಳಿಸಲು ಸರ್ಕಾರ ಇಡೀ ಕುಂಟೆಗೆ ವಿಷ ಹಾಕಬೇಕಾಯಿತು. ಮರಿಗಳೇ ನೂರಾರು ಸತ್ತು ತೇಲಿದವು.

ಕೊರವದ ಮೇಲೆ ನನಗೆ ಬೇರೆಯೇ ಅಭಿಮಾನ. ತಿಪಟೂರಿನ ಕಡೆ ಅಜ್ಜಿಯ ಊರಿನ ಕೆರೆಯಲ್ಲಿ, ಏರಿಯ ಮೇಲಿಂದ ಬಗ್ಗಿದರೆ, ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಒಂದು ಗುಂಪು ಸರಿದಾಡುತ್ತಿತ್ತು. ಕೊರವದ ಮರಿಗಳು. ಕೆಳಗೆ ಎಲ್ಲೋ ಕಪ್ಪಗೆ ತಾಯೋ ತಂದೆಯೋ ಕಾವಲು. ಕಲ್ಲೆಸೆದರೆ ಗುಂಪು ಚದುರಿ, ಅದೇ ಜಾಗದಲ್ಲಿ ಬುಳುಕ್ಕನೆ ಒಂದು ಗುಳ್ಳೆ. ಊರ ಹುಡುಗರಿಗೆ ದೊಡ್ಡದನ್ನು ಹಿಡಿಯಲು ಅದೇ ಸಮಯ: ಮರಿ ಬಿಟ್ಟು ಕದಲುವುದಿಲ್ಲವಲ್ಲ. ಇಂಥ ಮೀನು ನಮ್ಮ ಕೆರೆಗಳ ಸ್ವಂತ ಹುಲಿ. ಅದನ್ನು ಬಿಟ್ಟು ಅಮೆಜಾನಿನ ಹುಲಿಯನ್ನು ತಂದು ಅದೇ ನೀರಿಗೆ ಸೇರಿಸುವುದು ಯಾವ ಪುಣ್ಯವೋ ನನಗೆ ತಿಳಿಯದು.

ಇನ್ನು ಊಟದ ಮಾತಿಗೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟೂ ಇದೆ.

ದೊಡ್ಡ ಮೀನು ಸಾಕಿದ ಹುಡುಗರ ಮನೆಗೆ ಹೋದರೆ ಮೊದಲು ತೋರಿಸುವುದು ಗೋಲ್ಡ್‌ಫಿಶ್ ಹಾಕುವ ಆಟ. ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಹನ್ನೆರಡು ಸಣ್ಣ ಗೋಲ್ಡ್‌ಫಿಶ್; ಆಸ್ಕರ್ ಇಲ್ಲವೇ ಅರೋವನಾದ ತೊಟ್ಟಿಗೆ ಚೀಲ ಬಗ್ಗಿಸುವುದು; ಮೊಬೈಲು ಹಿಡಿಯುವುದು. "ಕಾಡಲ್ಲೂ ಹೀಗೇ ತಾನೆ ಅಂಕಲ್ ತಿನ್ನೋದು?" ಎಂಬ ಮಾತು ಸಿದ್ಧವಾಗಿರುತ್ತದೆ. ಹೀಗೇ ಅಲ್ಲ. ಹೊಳೆಯಲ್ಲಿ ಸಣ್ಣ ಮೀನಿಗೆ ಕಲ್ಲಿದೆ, ಬೇರಿದೆ, ಹುಲ್ಲಿದೆ, ಓಡಲು ಮೈಲಿಗಟ್ಟಲೆ ನೀರಿದೆ. ನಾಲ್ಕು ಗಾಜಿನ ನಡುವೆ ನಡೆಯುವುದಕ್ಕೆ ಬೇಟೆ ಎಂದು ಹೆಸರಿಡುವುದು ಬೇಟೆಗೇ ಅವಮಾನ.

ಕರುಣೆಯ ಮಾತು ಬೇಡ ಅನ್ನುವವರು ಲಾಭನಷ್ಟದ ಮಾತನ್ನಾದರೂ ಕೇಳಲಿ. ಗೋಲ್ಡ್‌ಫಿಶ್ಶಿನ ಮೈಯಲ್ಲಿ ಥಯಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನಿಗೆ ಬಿ1 ಕೊರತೆಯಾಗಿ ನರ ಕೆಡುತ್ತದೆ, ಸಮತೋಲ ತಪ್ಪಿ ವಾಲಾಡುತ್ತದೆ. ಜೊತೆಗೆ, ತಿನ್ನಿಸಲೆಂದೇ ಮಾರುವ ಅಗ್ಗದ ಮೀನನ್ನು ಯಾರೂ ಮುತುವರ್ಜಿಯಿಂದ ಸಾಕಿರುವುದಿಲ್ಲ. ತೊಟ್ಟಿಯಲ್ಲಿ ಕಿಕ್ಕಿರಿದು ಬೆಳೆದು ಬಿಳಿಚುಕ್ಕೆ ರೋಗ, ಲಂಗರು ಹುಳು ಎಲ್ಲವನ್ನೂ ಹೊತ್ತು ತರುತ್ತದೆ. ಸಾವಿರಾರು ರೂಪಾಯಿಯ ಅರೋವನಾಕ್ಕೆ ಹತ್ತು ರೂಪಾಯಿಯ ರೋಗ. ಕೋಳಿ ಈಲಿ, ದನದ ಹೃದಯ ಹಾಕುವವರೂ ಇದ್ದಾರೆ. ಬಿಸಿರಕ್ತದ ಪ್ರಾಣಿಯ ಕೊಬ್ಬು ಮೀನಿಗೆ ಒಗ್ಗುವುದಿಲ್ಲ. ತೊಟ್ಟಿಯ ನೀರಿನಲ್ಲಿ ಅದು ತುಪ್ಪದಂತೆ ಗಟ್ಟಿಯಾಗುತ್ತದೆ, ಅದರ ಜಿಡ್ಡು ಫಿಲ್ಟರಿನ ಬಟ್ಟೆಯಲ್ಲೇ ಕಾಣುತ್ತದೆ.

ಸತ್ತದ್ದನ್ನು ತಿನ್ನಲು ಕಲಿಸುವುದು ಕಷ್ಟವೂ ಅಲ್ಲ. ಮರಿಯಿದ್ದಾಗಲೇ ಶುರುಮಾಡಬೇಕು. ನಾಲ್ಕೈದು ದಿನ ಹಸಿದಿರಲಿ; ಸಿಗಡಿಯ ಚೂರನ್ನು ಇಕ್ಕಳದ ತುದಿಯಲ್ಲಿ ಹಿಡಿದು ಜೀವವಿದ್ದಂತೆ ಅಲುಗಿಸಬೇಕು. ಮೊದಲ ದಿನ ಹೆದರಿ ಹಿಂದೆ ಸರಿಯುತ್ತದೆ. ಎರಡನೆಯ ದಿನ ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಆ ಉಗುಳುವ ದಿನ ನಾವು ಸೋತು ಗೋಲ್ಡ್‌ಫಿಶ್ ತರಬಾರದು, ಅಷ್ಟೇ. ಆಮೇಲೆ ಮುಳುಗುವ ಗುಳಿಗೆಯನ್ನೂ ತಿನ್ನುತ್ತದೆ. ಸಿಗಡಿಯೊಂದನ್ನೇ ವರ್ಷಗಟ್ಟಲೆ ಹಾಕುವುದೂ ಸರಿಯಲ್ಲ, ಬದಲಿಸುತ್ತಿರಬೇಕು. ಹಟಮಾರಿಗಳು ಇವೆ, ಒಪ್ಪುತ್ತೇನೆ. ನಮ್ಮ ಪಶ್ಚಿಮಘಟ್ಟದ ಬಟಾಣಿ ಪಫರ್ ಮೀನು ಬಟಾಣಿಗಿಂತ ಚೂರು ದೊಡ್ಡದಿರಬಹುದು, ಪೌರುಷ ಮಾತ್ರ ಹುಲಿಯದು. ಸಣ್ಣ ಬಸವನಹುಳುಗಳನ್ನು ಹೆಕ್ಕಿ ತಿಂದೇ ತೃಪ್ತಿ. ಅದಕ್ಕೆ ಬಸವನಹುಳು ಬೆಳೆಸಿ ಹಾಕಿ, ನನ್ನ ತಕರಾರಿಲ್ಲ. ನನ್ನ ತಕರಾರು ಹಸಿವಿಗೆ ಹಾಕುವವರ ಮೇಲಲ್ಲ, ಕ್ಯಾಮೆರಾಕ್ಕೆ ಹಾಕುವವರ ಮೇಲೆ.

ಅಂದಹಾಗೆ, ಪಿರಾನಾ ಎಂದು ನಂಬಿ ಪ್ಯಾಕು ಮೀನಿಗೆ ಮಾಂಸ ಹಾಕುವ ಹುಡುಗನೊಬ್ಬ ನಮ್ಮ ರಸ್ತೆಯಲ್ಲೇ ಇದ್ದ. ಕೆಂಪು ಹೊಟ್ಟೆ ತೋರಿಸಿ ಅದೂ ಇದೂ ಒಂದೇ ಎಂದು ಮಾರಿದ್ದರು. ಬಾಯಿ ಬಿಡಿಸಿ ನೋಡಿದರೆ ಮನುಷ್ಯರಂಥ ದವಡೆ ಹಲ್ಲು. ಅಮೆಜಾನಿನಲ್ಲಿ ನೆರೆ ಬಂದಾಗ ಕಾಡಿನೊಳಗೆ ಈಜಿ, ಉದುರಿದ ಹಣ್ಣು, ಬೀಜ ಜಗಿಯುವ ಮೀನದು. ಮೀನಿನಂಗಡಿಯಲ್ಲಿ ರೂಪಚಂದ್ ಎಂದು ಕಿಲೊ ಲೆಕ್ಕದಲ್ಲಿ ಸಿಗುತ್ತದೆ. ಅವನಿಗೆ ಇದನ್ನು ಹೇಳಿದಾಗ ಮುಖ ಸಣ್ಣದಾಯಿತು. ನಮ್ಮನೆಯವರ ಹಾಗೆ ಸಸ್ಯಾಹಾರಿ ಅಂದುಕೋ ಎಂದು ಸಮಾಧಾನ ಮಾಡಿದೆ.

ಕಾನೂನು ಸ್ವಲ್ಪ ದೂರ ಬಂದಿದೆ. ಏಷ್ಯಾದ ಅರೋವನಾ, ವಾಸ್ತು ಮೀನೆಂದು ಶ್ರೀಮಂತರ ಹಾಲಿನಲ್ಲಿ ಹೊಳೆಯುತ್ತಿರುತ್ತದಲ್ಲ, ಅದು ಅಳಿವಿನಂಚಿನದು. ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಬಿಗಿಯಾದ ನಿರ್ಬಂಧವಿರುವ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಆ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಒಳ್ಳೆಯದು. ಆದರೆ ಅದು ಅಪರೂಪದ ಮೀನನ್ನು ಮನುಷ್ಯರಿಂದ ಕಾಪಾಡುವ ಕಾನೂನು. ರೆಡ್‌ಟೇಲಿನಂಥ, ಗಾರ್‌ನಂಥ ಯಾವ ಅಪರೂಪವೂ ಇಲ್ಲದ ಮೀನಿನಿಂದ ಕೆರೆಯನ್ನು ಕಾಪಾಡುವುದಕ್ಕೆ ಬೇಕಾದದ್ದು ಬೇರೆ, ಮತ್ತು ಅದು ದೊಡ್ಡ ಕಾನೂನೂ ಅಲ್ಲ.

ಬೇಕಾದದ್ದು ಒಂದು ಸ್ಟಿಕ್ಕರ್. ಅಂಗಡಿಯ ಪ್ರತಿ ತೊಟ್ಟಿಯ ಗಾಜಿನ ಮೇಲೆ ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ: ಪೂರ್ತಿ ಬೆಳೆದರೆ ಇಷ್ಟು ಅಡಿ, ತಿನ್ನುವುದು ಇಂಥದ್ದು, ಬದುಕುವುದು ಇಷ್ಟು ವರ್ಷ. ಸಿಗರೇಟು ಪೆಟ್ಟಿಗೆಯ ಮೇಲೆ ಚಿತ್ರ ಹಾಕಿಸಿದ ಸರ್ಕಾರಕ್ಕೆ ಇದು ಭಾರವಲ್ಲ. ಮೀನುಗಾರಿಕೆ ಇಲಾಖೆ ಮತ್ತು ಪಾಲಿಕೆ ಸೇರಿ, ವ್ಯಾಪಾರದ ಪರವಾನಗಿಗೆ ಇದೊಂದು ಷರತ್ತು ಹಾಕಿದರೆ ಸಾಕು. 'ಪೂರ್ತಿ ಬೆಳೆದರೆ 4 ಅಡಿ' ಎಂದು 2011ರಲ್ಲಿ ಆ ಗಾಜಿನ ಮೇಲೆ ಇದ್ದಿದ್ದರೆ ನಾನು ಮರಿ ಕೊಳ್ಳುತ್ತಿರಲಿಲ್ಲ. ಇದುವರೆಗೆ ಬೆಂಗಳೂರಿನ ಯಾವ ಅಂಗಡಿಯಲ್ಲೂ ಅಂಥ ಬರಹವನ್ನು ನಾನು ಕಂಡಿಲ್ಲ.

ಇನ್ನೊಂದು, ವಾಪಸು ಕೊಡುವ ಜಾಗ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಲಾಗದ ಹಾವು, ಹಲ್ಲಿ, ಮೀನುಗಳನ್ನು ಜನ ದಂಡವಿಲ್ಲದೆ, ಕಾರಣ ಕೇಳಿಸಿಕೊಳ್ಳದೆ ತಂದೊಪ್ಪಿಸುವ ವ್ಯವಸ್ಥೆಯನ್ನು ಅಲ್ಲಿನ ವನ್ಯಜೀವಿ ಇಲಾಖೆಯೇ ನಡೆಸುತ್ತದೆ. ನಮ್ಮ ಊರಲ್ಲೂ ತಿಂಗಳಿಗೊಂದು ಭಾನುವಾರ ಇಲಾಖೆಯ ಒಂದು ಕೊಳದ ಬಾಗಿಲು ತೆರೆದಿರಲಿ. ಮಾರಿದ ಅಂಗಡಿಯೂ ತನ್ನ ಮೀನನ್ನು ವಾಪಸು ತೆಗೆದುಕೊಳ್ಳಲೇಬೇಕೆಂಬ ನಿಯಮವಿರಲಿ. ಎರಡಡಿಯ ಮೀನನ್ನು ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಅವರು ಗೊಣಗುತ್ತಾರೆ. ಕೊಂಡವರ ಮನೆಯಲ್ಲೂ ಇರಲಿಲ್ಲ, ಸ್ವಾಮಿ.

ಬೇಟೆ ಮೀನು ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಶಾನುಭೋಗರಿಲ್ಲದ ನಮ್ಮ ಹಾಲನ್ನು ನನಗೆ ಊಹಿಸಿಕೊಳ್ಳಲಾಗದು. ಅಮ್ಮನಿಗೂ ಆಗದು, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಕರೆಂಟು ಹೋದ ರಾತ್ರಿ "ಅದಕ್ಕೆ ಗಾಳಿ ಬರ್ತಿದ್ಯೇನೋ" ಎಂದು ಮೊದಲು ಕೇಳುವವರು ಅವರೇ. ಆದರೆ ಬಿಶಿರ್ ತಂದದ್ದು ಅದರ ಅಳತೆ ಒಂದಡಿಯ ಆಸುಪಾಸಿಗೆ ನಿಲ್ಲುತ್ತದೆ ಎಂದು ಓದಿ ಖಾತ್ರಿ ಮಾಡಿಕೊಂಡ ಮೇಲೆ. ಹಳೆಯ ನಾಲ್ಕಡಿ ತೊಟ್ಟಿಯಲ್ಲೇ ಅದು ಮೈ ಸುತ್ತದೆ ತಿರುಗುತ್ತದೆ.

ಈ ಭಾನುವಾರ ಮಕ್ಕಳ ಜೊತೆ ಮೀನಿನ ಅಂಗಡಿಗೆ ಹೊರಟಿದ್ದರೆ, ಬೆಲೆ ಕೇಳುವ ಮೊದಲು ಅಳತೆ ಕೇಳಿ. "ಟ್ಯಾಂಕ್ ಎಷ್ಟಿರುತ್ತೋ ಅಷ್ಟಕ್ಕೇ ನಿಲ್ಲುತ್ತೆ ಸಾರ್" ಎಂಬ ಉತ್ತರ ಬಂದರೆ, ಮರಿಯನ್ನು ಅಲ್ಲೇ ಬಿಟ್ಟು ಬನ್ನಿ.